ಕೋಡಿನೊಳಗೆ ಹೆಸರು ಹುಡುಕುವ ಕೆಲಸ: ಗ್ರೆಪ್‌ನಿಂದ ಸಿಸ್ಕೋಪ್‌ವರೆಗೆ, ಅಲ್ಲಿಂದ ಈಚೆಗೆ

ಸಿ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶವೊಂದರಲ್ಲಿ ಒಂದು ಹೆಸರು (ಒಂದು ಕೆಲಸ ಮಾಡುವ ಕೋಡಿನ ತುಂಡಾದ ಫಂಕ್ಷನ್‌ನದ್ದೋ, ಒಂದು ಮೌಲ್ಯದ್ದೋ) ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಬಳ್ಳಾರಿಯ ಯಾವುದೇ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಕೇಳಿದರೂ ನಾಲ್ಕು ಉತ್ತರಗಳು ಬರುತ್ತವೆ. ಒಬ್ಬರು ಪಠ್ಯ ಹುಡುಕುವ ಗ್ರೆಪ್ ಆದೇಶ ಹೊಡೆಯುತ್ತಾರೆ, ಇನ್ನೊಬ್ಬರು ಹೆಸರುಗಳ ವಿಳಾಸಪಟ್ಟಿಯಾದ ಟ್ಯಾಗ್ಸ್ ಫೈಲ್ ತಯಾರಿಸುತ್ತಾರೆ, ಮತ್ತೊಬ್ಬರು ಟರ್ಮಿನಲ್‌ನಲ್ಲಿ ಕೋಡ್ ಹುಡುಕುವ ಸಿಸ್ಕೋಪ್ ತೆರೆಯುತ್ತಾರೆ, ಹೊಸದಾಗಿ ಸೇರಿದ ಹುಡುಗರು ಎಡಿಟರ್‌ನಲ್ಲಿ ರೈಟ್ ಕ್ಲಿಕ್ ಮಾಡಿ ತೋರಿಸುತ್ತಾರೆ. ನಾಲ್ಕರ ಎಣಿಕೆಯೂ ಒಂದೇ ಆಗಿರುವುದು ಅಪರೂಪ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪ್ರಶ್ನೆಗಳಿಗೆ ಹುಟ್ಟಿದ ಉಪಕರಣಗಳು ಎಂಬುದೇ ಈ ಗೊಂದಲದ ಮೂಲ.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1973ರಲ್ಲಿ ಅದರ ಇಡಿ ಎಡಿಟರ್‌ನ ಒಂದು ಆದೇಶವನ್ನು ಬೇರ್ಪಡಿಸಿ ಮಾಡಿದ ಗ್ರೆಪ್‌ಗೆ ಅಕ್ಷರಗಳು ಗೊತ್ತೇ ಹೊರತು ಹೆಸರುಗಳು ಗೊತ್ತಿಲ್ಲ. ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಯುನಿಕ್ಸ್‌ನಲ್ಲಿ ಬಂದ, ಕೆನ್ ಆರ್ನಾಲ್ಡ್ ಬರೆದ ಸಿಟ್ಯಾಗ್ಸ್, ಹೆಸರು ಎಲ್ಲಿ ಹುಟ್ಟಿತು ಎಂದು ಹೇಳಿತು, ಎಲ್ಲೆಲ್ಲಿ ಓಡಾಡಿತು ಎಂದು ಹೇಳಲಿಲ್ಲ.

ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ಸಿಸ್ಕೋಪ್. 1980ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಜೋ ಸ್ಟೆಫನ್ ಇದನ್ನು ಪಿಡಿಪಿ-11 ಮಿನಿಕಂಪ್ಯೂಟರುಗಳ ಕಾಲದಲ್ಲಿ ಬರೆದರು. ಪ್ರತಿ ಪ್ರಶ್ನೆಗೂ ಎಲ್ಲ ಫೈಲುಗಳನ್ನು ಮೊದಲಿನಿಂದ ಓದುವ ಬದಲು ಒಮ್ಮೆ ಓದಿ, ಯಾವ ಹೆಸರು ಯಾವ ಫಂಕ್ಷನ್‌ನ ಯಾವ ಸಾಲಿನಲ್ಲಿದೆ ಎಂಬ ಸೂಚಿಯನ್ನು ಬರೆದಿಟ್ಟುಕೊಳ್ಳುವುದು, ಮುಂದಿನ ಬಾರಿ ಬದಲಾದ ಫೈಲುಗಳನ್ನಷ್ಟೇ ಮತ್ತೆ ಓದುವುದು ಇದರ ಕ್ರಮ. ಬಹುಕಾಲ ಎಟಿ ಆ್ಯಂಡ್ ಟಿ ಯುನಿಕ್ಸ್‌ನ ಭಾಗವಾಗಿದ್ದ ಇದರ ಕೋಡನ್ನು ಏಪ್ರಿಲ್ 2000ದಲ್ಲಿ ಸ್ಯಾಂಟಾ ಕ್ರೂಜ್ ಆಪರೇಷನ್ ಸಂಸ್ಥೆಯು ಬಿಎಸ್‌ಡಿ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟಿತು.

ಈ ಉಪಕರಣದ ನಿಜವಾದ ಗುಣ ತಿಳಿಯುವುದು ಅದರ ಮುಂದೆ ಕುಳಿತಾಗ. ಗಂಗಾವತಿ ಕಡೆಯ ರೈಸ್ ಮಿಲ್ ಒಂದಕ್ಕಾಗಿ ಹಿಂದೆ ಯಾರೋ ಬರೆದಿದ್ದ ತೂಕ ಮತ್ತು ಹಮಾಲಿಯ ಲೆಕ್ಕದ ತಂತ್ರಾಂಶವನ್ನು ನಾನು ಕೆಲವು ವರ್ಷ ನೋಡಿಕೊಂಡೆ. ಅದರ ಫೋಲ್ಡರಿನಲ್ಲಿ ನಿಂತು, ಒಳಫೋಲ್ಡರುಗಳೂ ಸೇರಲೆಂದು ದೊಡ್ಡ ಆರ್ ಆಯ್ಕೆ ಕೊಟ್ಟು ಸಿಸ್ಕೋಪ್ ಓಡಿಸಿದರೆ ಪರದೆಯ ಕೆಳಭಾಗದಲ್ಲಿ ಪ್ರಶ್ನೆಗಳ ಸಾಲುಗಳು ಬರುತ್ತವೆ: ಈ ಹೆಸರು ಎಲ್ಲಿದೆ, ಇದರ ವ್ಯಾಖ್ಯೆ ಎಲ್ಲಿದೆ, ಈ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಇದನ್ನು ಯಾವುದು ಕರೆಯುತ್ತದೆ, ಹೀಗೆ. ಬೇಕಾದ ಸಾಲಿಗೆ ಕರ್ಸರ್ ಒಯ್ದು ಹೆಸರು ಟೈಪ್ ಮಾಡಿದರೆ ಮೇಲ್ಭಾಗದಲ್ಲಿ ಫೈಲ್, ಫಂಕ್ಷನ್, ಸಾಲಿನ ಸಂಖ್ಯೆಗಳ ಪಟ್ಟಿ ಮೂಡುತ್ತದೆ. ಪಟ್ಟಿಯ ಮುಂದಿರುವ ಅಂಕಿ ಒತ್ತಿದೊಡನೆ ವಿಐ ಎಡಿಟರ್ ಅದೇ ಸಾಲಿನಲ್ಲಿ ತೆರೆಯುತ್ತದೆ. ಅದನ್ನು ಮುಚ್ಚಿದರೆ ಮತ್ತೆ ಅದೇ ಪಟ್ಟಿಗೆ ಬರುತ್ತೇವೆ. ಹೀಗೆ ಹೋಗಿ ಬರುವುದರಲ್ಲಿ ಹುಡುಕಾಟದ ಎಳೆ ಕಡಿಯುವುದಿಲ್ಲ.

ನಮ್ಮ ಭಾಗದಲ್ಲಿ ಭತ್ತದ ದರ 75 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಆ ತಂತ್ರಾಂಶದಲ್ಲಿ ಚೀಲದ ತೂಕಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಹೆಸರನ್ನೇ ಇಟ್ಟಿದ್ದರು. ಆದರೆ ಚೀ ಬರೆಯಲು ಒಬ್ಬರು ಎರಡು ‘e’ ಹಾಕಿದ್ದರೆ ಇನ್ನೊಬ್ಬರು ಒಂದೇ ‘i’ ಹಾಕಿದ್ದರು, ಮೂರನೆಯವರು ಹೆಸರೇ ಇಲ್ಲದೆ 75 ಎಂದು ನೇರವಾಗಿ ಬರೆದಿದ್ದರು. ಹೆಸರಿನ ಹುಡುಕಾಟ ಮೊದಲನೆಯದನ್ನು ಮಾತ್ರ ತೋರಿಸಿತು. ಎರಡೂ ಕಾಗುಣಿತಗಳಿಗೆ ಹೊಂದುವ ಮಾದರಿಯನ್ನು ಸಿಸ್ಕೋಪ್‌ನ ಈಗ್ರೆಪ್ (ಮಾದರಿ ಕೊಟ್ಟು ಹುಡುಕುವ) ಸಾಲಿನಲ್ಲಿ ಕೊಟ್ಟಾಗ ಎರಡನೆಯದು ಸಿಕ್ಕಿತು. ಮೂರನೆಯದು ಸಿಕ್ಕಿದ್ದು ಹಮಾಲಿಯ ಫಂಕ್ಷನ್ ಅನ್ನು ಯಾರು ಕರೆಯುತ್ತಾರೆ ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಾಗ. ಇಂತಹ ಕೆಲಸವನ್ನು ಬರೀ ಗ್ರೆಪ್‌ನಿಂದ ಮಾಡಬಹುದು ಎನ್ನುವವರಿಗೆ ತಾಳ್ಮೆ ನನಗಿಂತ ಹೆಚ್ಚಿರಬೇಕು.

1 ನವೆಂಬರ್ 2014ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ Bellary ಎಂದಿದ್ದದ್ದು Ballari ಎಂದು ಬದಲಾಯಿತು. ರಸೀದಿಯಲ್ಲಿ ಹೊಸ ಕಾಗುಣಿತ ಬರಬೇಕು, ಡೇಟಾಬೇಸಿನ ಕಾಲಮ್ಮಿನ ಹೆಸರು ಮಾತ್ರ ಹಾಗೇ ಉಳಿಯಬೇಕು. ಸಿಸ್ಕೋಪ್‌ನಲ್ಲಿ ಪಠ್ಯ ಬದಲಿಸುವ ಸಾಲೂ ಇದೆ: ಹಳೆಯದು, ಹೊಸದು ಎರಡನ್ನೂ ಕೊಟ್ಟರೆ ಅದು ಕಣ್ಣುಮುಚ್ಚಿ ಬದಲಿಸದೆ ಪಟ್ಟಿ ಮುಂದಿಡುತ್ತದೆ, ನಾವು ಬೇಕಾದ ಸಾಲುಗಳಿಗಷ್ಟೇ ಗುರುತು ಹಾಕಬೇಕು. ಆ ಸಂಜೆ ಕಾಲಮ್ಮಿನ ಸಾಲುಗಳನ್ನು ಗುರುತಿಲ್ಲದೆ ಬಿಟ್ಟು ಕೆಲಸ ಮುಗಿಸಿದೆ.

ಸಿಸ್ಕೋಪ್‌ಗೆ ಮಿತಿಗಳೂ ಉಂಟು. ಅದು ಕೋಡಿನ ಸಂಕ್ಷೇಪಗಳನ್ನು ಬಿಡಿಸುವ ಪ್ರಿಪ್ರೊಸೆಸರ್ ಓಡಿಸುವುದಿಲ್ಲವಾದ್ದರಿಂದ ಮ್ಯಾಕ್ರೋದಿಂದ (ಅಂತಹ ಸಂಕ್ಷೇಪದಿಂದ) ಹುಟ್ಟುವ ಹೆಸರುಗಳು ತಪ್ಪಿಹೋಗುತ್ತವೆ. ಪಾಯಿಂಟರ್ (ಫಂಕ್ಷನ್‌ನ ವಿಳಾಸ) ಮೂಲಕ ನಡೆಯುವ ಕರೆ, ಕರೆಯುವವರ ಪಟ್ಟಿಯಲ್ಲಿ ನಿಜವಾದ ಫಂಕ್ಷನ್‌ನ ಹೆಸರಿನಲ್ಲಿ ಕಾಣುವುದಿಲ್ಲ. ಅದನ್ನು ಸಿ ಭಾಷೆಗೆಂದೇ ಮಾಡಿದ್ದು. ಜಾವಾ, ಸಿ++ ಕೋಡನ್ನು ಹೇಗೋ ನಿಭಾಯಿಸುತ್ತದೆ, ಅಷ್ಟೆ.

2016ರಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಗ್ರೆಪ್‌ನಂತಹದೇ ಹೊಸ ಉಪಕರಣ ರಿಪ್‌ಗ್ರೆಪ್, ಪಠ್ಯದ ಹುಡುಕಾಟವನ್ನು ಸೂಚಿಯೇ ಬೇಡವೆನಿಸುವಷ್ಟು ವೇಗಗೊಳಿಸಿತು. ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ (ಎಡಿಟರ್ ಮತ್ತು ಭಾಷೆಯನ್ನು ಅರಿತ ತಂತ್ರಾಂಶ ಪರಸ್ಪರ ಮಾತನಾಡುವ ನಿಯಮ) ಹೆಸರುಗಳ ಅರ್ಥವನ್ನೇ ಎಡಿಟರ್‌ನೊಳಗೆ ತಂದಿತು. 2023ರಲ್ಲಿ ವಿಐ ವಂಶದ ಎಡಿಟರ್ ನಿಯೋವಿಮ್ ತನ್ನ 0.9 ಆವೃತ್ತಿಯಿಂದ ಸಿಸ್ಕೋಪ್ ಸಂಪರ್ಕವನ್ನು ತೆಗೆಯಿತು. ಲಿನಕ್ಸ್ ಕರ್ನಲ್‌ನಲ್ಲಿ ಮಾತ್ರ ಸಿಸ್ಕೋಪ್ ಸೂಚಿ ತಯಾರಿಸುವ ಮೇಕ್ ಆದೇಶ ಇನ್ನೂ ಇದೆ.

ಸಿ ಭಾಷೆಯ ಲ್ಯಾಂಗ್ವೇಜ್ ಸರ್ವರ್ ಸರಿಯಾಗಿ ಉತ್ತರಿಸಬೇಕಾದರೆ ಪ್ರತಿ ಫೈಲನ್ನು ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಬೇಕು (ಯಂತ್ರದ ಭಾಷೆಗೆ ತಿರುಗಿಸಬೇಕು) ಎಂಬುದು ಅದಕ್ಕೆ ಗೊತ್ತಿರಬೇಕು. ಆ ಆಯ್ಕೆಗಳನ್ನು ಬರೆದಿಟ್ಟ ಮೇಕ್‌ಫೈಲ್ ಕಳೆದುಹೋದ, ಬರೆದವರು ಊರು ಬಿಟ್ಟ ಕೋಡಿನಲ್ಲಿ ಆ ಮಾಹಿತಿ ಎಲ್ಲಿಂದ ತರುವುದು? 2021ರಲ್ಲಿ ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದಾಗ ಹೊಸಪೇಟೆ ಕಡೆಯ ರೈತರ ವಿಳಾಸಗಳನ್ನು ಅದೇ ತಂತ್ರಾಂಶದಲ್ಲಿ ಸರಿಪಡಿಸಬೇಕಾಯಿತು. ಹೊಸ ಹುಡುಗ ಎಡಿಟರ್‌ನ ರೆಫರೆನ್ಸ್ ಪಟ್ಟಿ ಹಿಡಿದು ಎಲ್ಲ ಕಡೆ ತಿದ್ದಿದ್ದ. ಡೇಟಾಬೇಸಿಗೆ ಕೊಡುವ ಎಸ್‌ಕ್ಯೂಎಲ್ ವಾಕ್ಯಗಳ ಉದ್ಧರಣ ಚಿಹ್ನೆಗಳೊಳಗೆ ಅಡಗಿದ್ದ ಎರಡು ಸಾಲುಗಳು ಆ ಪಟ್ಟಿಯಲ್ಲಿ ಇರಲಿಲ್ಲ, ಸಿಸ್ಕೋಪ್‌ನ ಪಠ್ಯದ ಸಾಲಿನಲ್ಲಿ ಸಿಕ್ಕವು. ಮರುದಿನ ಅವನು ತನ್ನ ಯಂತ್ರದಲ್ಲೂ ಅದನ್ನು ಹಾಕಿಕೊಂಡ, ಎಡಿಟರ್ ಮಾತ್ರ ಬದಲಿಸಲಿಲ್ಲ.