ಇಂಥ ಕತೆ ಓದಬೇಕು ಅನ್ನಿಸುತ್ತೆ, ನಾನು ಸರಿಯಿಲ್ವಾ?

ಪ್ರಶ್ನೆ: ಮದುವೆಯಾಗಿ ಕೆಲವು ವರ್ಷ ಆಗಿದೆ. ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಶೃಂಗಾರದ ಕತೆ ಓದುವುದು ನನಗೆ ಇಷ್ಟ. 'ಇಂಥದ್ದೆಲ್ಲ ಗಂಡಸರ ಚಪಲ, ಹೆಂಗಸರಿಗೆ ಪ್ರೀತಿ ಇದ್ದರೆ ಸಾಕು' ಅಂತ ಕೇಳಿಕೊಂಡೇ ಬೆಳೆದವಳು ನಾನು. ನನ್ನಲ್ಲೇ ಏನಾದರೂ ದೋಷ ಇದೆಯಾ?

ಉತ್ತರ: ಇಲ್ಲ. ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

18ನೇ ಶತಮಾನದ ತಂಜಾವೂರಿಗೆ ಹೋಗೋಣ. ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಗಣಿಕೆ ಇದ್ದಳು. ಒಳ್ಳೆಯ ಕವಿ. ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಕಾವ್ಯ ಬರೆದಳು. ಅದರ ರಾಧೆ ಕೃಷ್ಣನಿಗಿಂತ ವಯಸ್ಸಿನಲ್ಲಿ ದೊಡ್ಡವಳು, ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳುವವಳು. ಕೃಷ್ಣ ಇನ್ನೊಬ್ಬಳ ಸಂಗದಲ್ಲಿ ತನ್ನನ್ನು ಮರೆತ ಅಂತ ಉರಿದು ಬೀಳುತ್ತಾಳೆ. ಅವಳನ್ನು ರಮಿಸಿ ಸಮಾಧಾನ ಮಾಡುವ ಕೆಲಸ ಅವನದು.

ಮುಂದೆ ಈ ಕಾವ್ಯದ ಮೇಲೆ ಹರಿಹಾಯ್ದವರು ಯಾರು ಗೊತ್ತಾ? ಕಂದುಕೂರಿ ವೀರೇಶಲಿಂಗಂ. ವಿಧವೆಯರ ಮದುವೆಗಾಗಿ ಹೋರಾಡಿದ ದೊಡ್ಡ ಸುಧಾರಕರು. ಅವರಿಗೂ ಇದನ್ನು ಸಹಿಸಲಾಗಲಿಲ್ಲ. ಹೆಂಗಸರು ಕಿವಿಯಿಂದ ಕೇಳಲೂ ಬಾರದಂಥ ಮಾತುಗಳು ಇದರಲ್ಲಿವೆ, ಅದೂ ಹೆಂಗಸಿನ ಬಾಯಿಂದಲೇ ಬಂದಿವೆ ಅನ್ನುವುದು ಅವರ ಸಿಟ್ಟು.

ಅವರಿಗೆ ಉತ್ತರ ಕೊಟ್ಟವರು ನಮ್ಮವರು, 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ. ಆಗಲೇ ಅಚ್ಚಾಗಿದ್ದ ಪ್ರತಿ ತರಿಸಿ ಓದಿದರು. ಹಸ್ತಪ್ರತಿ ಹುಡುಕಿ ಪಕ್ಕದಲ್ಲಿಟ್ಟು ನೋಡಿದರೆ, ಎಷ್ಟೋ ಸಾಲುಗಳಿಗೆ ಕತ್ತರಿ ಬಿದ್ದಿತ್ತು. ಮುದ್ದುಪಳನಿ ತನ್ನ ಮನೆತನದ ಬಗ್ಗೆ ಹೇಳಿಕೊಂಡಿದ್ದ ಭಾಗವೂ ಮಾಯ. ಎಲ್ಲವನ್ನೂ ಸೇರಿಸಿ 1910ರಲ್ಲಿ ಮದರಾಸಿನ ಪ್ರಕಾಶಕರಾದ ವಾವಿಳ್ಳ ಅವರಿಂದ ಪೂರ್ತಿ ಕಾವ್ಯ ಅಚ್ಚು ಹಾಕಿಸಿದರು. ಮುನ್ನುಡಿಯಲ್ಲಿ ಅವರು ಎತ್ತಿದ ಪ್ರಶ್ನೆಯ ಸಾರ ಇಷ್ಟು: ಇದಕ್ಕಿಂತ ಹಸಿಯಾಗಿ ಬರೆದ ಗಂಡಸರನ್ನು ಒಪ್ಪಿಕೊಂಡಿದ್ದೀರಲ್ಲ, ಮಾನ ಮರ್ಯಾದೆ ನಾಚಿಕೆ ಎಲ್ಲ ಹೆಂಗಸರಿಗೆ ಮಾತ್ರವಾ?

ಅದಕ್ಕೆ ಉತ್ತರವಾಗಿ ಪೊಲೀಸರು ಬಂದರು. ಪುಸ್ತಕ ಅಶ್ಲೀಲ ಅಂತ ಬ್ರಿಟಿಷ್ ಸರ್ಕಾರ ನಿಷೇಧ ಹೇರಿತು. ಅದು ತೆರವಾಗಿದ್ದು 1947ರಲ್ಲಿ. ಅಂದಹಾಗೆ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೂ ಇದೇ ನಾಗರತ್ನಮ್ಮ. ಭಕ್ತಿ ಒಂದು ಕಡೆ, ಈ ಕಾವ್ಯ ಇನ್ನೊಂದು ಕಡೆ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಅಂದರೆ ಬರೆದ ಹೆಣ್ಣು ಇದ್ದಳು, ಓದಿ ಮೆಚ್ಚಿದ ಹೆಣ್ಣೂ ಇದ್ದಳು. ಬಾಯಿ ಮುಚ್ಚಿಸುವ ಕೆಲಸ ಆಮೇಲೆ ನಡೆಯಿತು. ಬಾಯಿ ಮುಚ್ಚಿಸಿದ ಮೇಲೆ 'ನೋಡಿ, ಹೆಂಗಸರಿಗೆ ಇದರಲ್ಲಿ ಆಸಕ್ತಿಯೇ ಇಲ್ಲ' ಅನ್ನುವುದು ಸುಲಭ, ಅಲ್ವಾ?

ಈ ಬಾಯಿ ಮುಚ್ಚಿಕೊಳ್ಳುವುದನ್ನೇ ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮಿಶೆಲ್ ಅಲೆಕ್ಸಾಂಡರ್ ಮತ್ತು ಟೆರಿ ಫಿಶರ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಮಜವಾಗಿದೆ. ಕಾಲೇಜಿನ ಹುಡುಗ ಹುಡುಗಿಯರಿಗೆ ಲೈಂಗಿಕ ಅನುಭವಗಳ ಬಗ್ಗೆ ಪ್ರಶ್ನೆ ಕೊಟ್ಟರು. ಒಂದು ಗುಂಪಿನವರಿಗೆ ತಮ್ಮ ಉತ್ತರವನ್ನು ಬೇರೆಯವರು ನೋಡಬಹುದು ಅನ್ನುವ ಭಯ. ಇನ್ನೊಂದು ಗುಂಪು ಹೆಸರು ಹೇಳದೆ ಬರೆಯಿತು. ಮೂರನೆಯ ಗುಂಪಿಗೆ ಸುಳ್ಳು ಪತ್ತೆ ಯಂತ್ರದ ವೈರು ಸಿಕ್ಕಿಸಿದರು. ಯಂತ್ರ ಸುಮ್ನೆ ನಾಟಕಕ್ಕೆ, ಆದರೆ ಅದು ಕೂತವರಿಗೆ ಗೊತ್ತಿಲ್ಲ. ಯಾರಾದರೂ ನೋಡಿಯಾರು ಅನ್ನುವಲ್ಲಿ ಹುಡುಗ ಹುಡುಗಿಯರ ಉತ್ತರಕ್ಕೆ ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ. ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇವೆ ಅನ್ನುವಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

'ಗಂಡಸಿನ ಮೆದುಳೇ ಬೇರೆ' ಅನ್ನುವವರಿಗೆ ಇನ್ನೊಂದು ಮಾತು. 2019ರಲ್ಲಿ ಜರ್ಮನಿಯ ಸಂಶೋಧಕರು 61 ಮೆದುಳು ಸ್ಕ್ಯಾನ್ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಕಾಮದ ಚಿತ್ರ, ವಿಡಿಯೊ ತೋರಿಸಿದಾಗ ಗಂಡು ಹೆಣ್ಣಿನ ಮೆದುಳು ಸ್ಪಂದಿಸುವ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಎಲ್ಲರ ರುಚಿಯೂ ಒಂದೇ ಅಂತ ಅರ್ಥವಲ್ಲ. ಒಬ್ಬರಿಗೆ ಕತೆ ಬೇಕು, ಒಬ್ಬರಿಗೆ ಚಿತ್ರ ಸಾಕು, ಇನ್ನೊಬ್ಬರಿಗೆ ಎರಡೂ ಬೇಡ. ಬೇಡ ಅನ್ನುವವರಲ್ಲೂ ಕೊರತೆ ಏನಿಲ್ಲ.

ನಮ್ಮ ಕಡೆಯ ಮದುವೆ ಮನೆಗಳನ್ನೇ ನೆನಪು ಮಾಡಿಕೊಳ್ಳಿ. ಗಂಡಸರು ಆ ಕಡೆ ಹೋದ ಮೇಲೆ ಹಿರಿಯ ಹೆಂಗಸರು ಬೀಗರ ಹಾಡು ಎತ್ತುತ್ತಾರಲ್ಲ, ಅದರ ಕೆಲವು ಸಾಲುಗಳನ್ನು ಇಲ್ಲಿ ಬರೆದರೆ ಸಂಪಾದಕರು ನನ್ನ ಅಂಕಣ ನಿಲ್ಲಿಸಿಯಾರು. ಇನ್ನು ಲೇಡೀಸ್ ಹಾಸ್ಟೆಲ್‌ಗಳು. ಬ್ರೌನ್ ಪೇಪರ್ ಬೈಂಡು, ಮೇಲೆ 'ಅರ್ಥಶಾಸ್ತ್ರ' ಅಂತ ಲೇಬಲ್, ಒಳಗೆ ಮಿಲ್ಸ್ ಅಂಡ್ ಬೂನ್‌ನ ಇಂಗ್ಲಿಷ್ ಪ್ರೇಮ ಕಾದಂಬರಿ. ಈಗ ಆ ಬೈಂಡಿನ ಕೆಲಸ ಫೋನ್ ಮಾಡುತ್ತಿದೆ, ಅಷ್ಟೇ.

ಯಾವಾಗ ಯೋಚಿಸಬೇಕು? ಓದುವುದನ್ನು ನಿಲ್ಲಿಸಬೇಕು ಅಂದುಕೊಂಡರೂ ಆಗದೆ ನಿದ್ದೆ, ಕೆಲಸ ಕೆಡುತ್ತಿದ್ದರೆ ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಬಲವಂತವನ್ನೇ ಪ್ರೀತಿ ಅಂತ ತೋರಿಸುವ ಕತೆಗಳು ಬೇಕಾದಷ್ಟಿವೆ. ಅದು ಕತೆ ಅನ್ನುವುದು ನೆನಪಿರಲಿ, ಮಂಚದ ಮೇಲೆ ಯಾರೂ ಅದನ್ನು ನಿಮ್ಮಿಂದ ನಿರೀಕ್ಷಿಸುವ ಹಾಗಿಲ್ಲ.

ಗಂಡನಿಗೆ ಹೇಳಬೇಕಾ? ಹೇಳಲೇಬೇಕು ಅಂತಿಲ್ಲ. ಹೇಳಬೇಕು ಅನ್ನಿಸಿದರೆ ತಪ್ಪೊಪ್ಪಿಗೆಯ ದನಿಯಲ್ಲಿ ಬೇಡ. ಇಷ್ಟವಾದ ಒಂದು ಕತೆ ಕಳಿಸಿ, 'ಓದಿ ನೋಡ್ರೀ' ಅನ್ನಿ.