ಹದಿನಾರು ಸಾಲಿಗೆ ಒಂದು ಪುಟ

ಕೋಲಾರದಲ್ಲಿ ನನ್ನ ಡಿಟಿಪಿ ಟೇಬಲ್ಲಿಗೆ ಬರುವುದು ಹೆಚ್ಚಾಗಿ ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ಬಿಲ್ ಬುಕ್. ಎರಡು ವರ್ಷದ ಹಿಂದೆ ನಾಲ್ಕು ಜನ ಕಾಲೇಜು ಹುಡುಗರು ಬಂದು, "ಅಣ್ಣಾ, ಹಿಪ್ ಹಾಪ್‌ಗೆ ಅಂತಾನೇ ಒಂದು ಮ್ಯಾಗಜೀನ್ ಮಾಡ್ಕೊಡಿ, ಕನ್ನಡದಲ್ಲಿ" ಅಂದರು. ತಂದ ಮಾದರಿಯಲ್ಲಿ ಕಪ್ಪು ಮುಖಪುಟ, ದಪ್ಪ ಚಿನ್ನದ ಸರ, ಪುಟದ ತುಂಬ ಇಂಗ್ಲಿಷ್ ದೊಡ್ಡಕ್ಷರ. ಇದನ್ನ ಓದೋರು ಯಾರಪ್ಪಾ ಅಂತ ಕೇಳಿದೆ. ಒಬ್ಬ ಸ್ವಲ್ಪ ಯೋಚಿಸಿ, "ನಮ್ಮಂಗೆ ಬರಿಯೋರು" ಅಂದ. ಹಾಗಾದರೆ ಈ ಮಾದರಿ ಆಗಲ್ಲ ಅಂತ ಅವತ್ತೇ ಹೇಳಿದೆ.

ಯಾಕೆಂದರೆ ಹಾಡು ಬರೆಯುವವನು ಪತ್ರಿಕೆ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಸಾಲುಗಳನ್ನು. ಫೋಟೋ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಹಿಪ್ ಹಾಪ್ ಹುಟ್ಟಿದ್ದೂ ಹೀಗೇ, ಸಣ್ಣದಾಗಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕೆಂದು ತಾವಿದ್ದ ಕಟ್ಟಡದಲ್ಲೇ ಪಾರ್ಟಿ ಇಟ್ಟಳು. ಅವಳಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡು ನುಡಿಸಿದ. ಕರೆಯೋಲೆಯನ್ನು ಸಣ್ಣ ಕಾರ್ಡುಗಳ ಮೇಲೆ ಕೈಯಲ್ಲೇ ಬರೆದಿದ್ದರು: ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಮುಂದೆ ದೊಡ್ಡ ಹೆಸರಾದ 'ದಿ ಸೋರ್ಸ್' ಪತ್ರಿಕೆಯೂ 1988ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ತೆಗೆದ ಸಣ್ಣ ಸುದ್ದಿಪತ್ರ. ಯಾವ ಕಂಪನಿಯೂ ಕೈಹಿಡಿಯದ ಹಾಡುಗಾರರ ಕ್ಯಾಸೆಟ್ ಕೇಳಿ ಬರೆಯುವುದಕ್ಕೆಂದೇ ಅದರಲ್ಲಿ 'ಅನ್‌ಸೈನ್ಡ್ ಹೈಪ್' ಎಂಬ ಅಂಕಣವಿತ್ತು. ನಟೋರಿಯಸ್ ಬಿ.ಐ.ಜಿ. ಎಂದು ಜಗತ್ತು ಕರೆದವನು 1992ರಲ್ಲಿ ಅಲ್ಲಿ ಕಾಣಿಸಿಕೊಂಡಾಗ ಅವನದು ಒಂದು ಆಲ್ಬಮ್ಮೂ ಬಂದಿರಲಿಲ್ಲ. ನಮ್ಮ ಹುಡುಗರಿಗೆ ನಾನು ತೋರಿಸಿದ್ದು ಈ ಅಂಕಣವನ್ನೇ. ಚಿನ್ನದ ಸರ ಆಮೇಲೆ ಬಂದದ್ದು.

ಈಗ ಸಾಲಿನ ಪುಟಕ್ಕೆ ಬರುತ್ತೇನೆ. ನನ್ನ ಶ್ರಮವೆಲ್ಲ ಹೋದದ್ದು ಅಲ್ಲೇ.

ರ‍್ಯಾಪಿನ ಒಂದು ಚರಣ ಸಾಮಾನ್ಯವಾಗಿ ಹದಿನಾರು ಬಾರ್. ಬಾರ್ ಅಂದರೆ ತಾಳದ ಒಂದು ಸುತ್ತು, ಅದರಲ್ಲಿ ನಾಲ್ಕು ಪೆಟ್ಟು. ಅಚ್ಚಿನಲ್ಲಿ ಒಂದು ಬಾರ್ ಒಂದೇ ಸಾಲಿನಲ್ಲಿ ನಿಲ್ಲಬೇಕು, ಇಲ್ಲವಾದರೆ ಓದುವವನ ಬೆರಳು ತಾಳ ತಪ್ಪುತ್ತದೆ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದ. ಎ4 ಪುಟದಲ್ಲಿ ಎರಡು ಕಾಲಂ ಹಾಕಿದರೆ ಬಾರ್ ನಡುವೆಯೇ ಮುರಿಯುತ್ತದೆ. ಅದಕ್ಕೇ ಹಾಡಿಗೆ ಒಂದೇ ಕಾಲಂ, ಎಡಕ್ಕೆ ಜೋಡಣೆ. ಹುಡುಗರು ಸೆಂಟರ್ ಮಾಡಿ ಅಂತ ಹಟ ಹಿಡಿದಿದ್ದರು. ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿರುತ್ತದೆ, ಅದನ್ನು ಈಗಲೂ ಹಿಡಿಯುವ ಹುಡುಗರಿದ್ದಾರೆ. ಸಾಲುಗಳ ತಲೆ ಒಂದರ ಕೆಳಗೊಂದು ಬಂದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಅಕ್ಷರ 11 ಪಾಯಿಂಟ್ ಇಟ್ಟರೆ ಸಾಲಿನ ಅಂತರ 16. ಇಂಗ್ಲಿಷಿನಂತೆ 13 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳನ್ನು ಅಗಲಿಸಿ ಹರಡುವ ಇಂಗ್ಲಿಷ್ ಶೋಕಿಯನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಲೇಬೇಡಿ: ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ತುಂಡುಗಳಾದ್ದರಿಂದ ಅಕ್ಷರದಿಂದ ಕಳಚಿಕೊಂಡು ದೂರ ನಿಲ್ಲುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಶೀರ್ಷಿಕೆಗಷ್ಟೇ ಸರಿ. ಮ್ಯಾಪ್‌ಲಿಥೋ ಎಂಬ ಹೊಳಪಿಲ್ಲದ ಕಾಗದದಲ್ಲಿ ಇಂಕು ಹರಡಿ ಸಣ್ಣ ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ.

ಮೊದಲ ಪ್ರೂಫ್ ಬಂದಾಗ ಆದದ್ದನ್ನು ಹೇಳಲೇಬೇಕು. ಒಬ್ಬ ಹುಡುಗ ಕೆರೆಗೆ ನೀರು ಬಿಡಿಸುತ್ತೇವೆಂದು ಬಂದುಹೋದವರ ಬಗ್ಗೆ ಬರೆದಿದ್ದ: "ನಾಳೆ ಬತ್ತೀನಿ ಅಂದೋರು". ಕರಡು ತಿದ್ದಿದ ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಅದನ್ನು "ನಾಳೆ ಬರುತ್ತೇನೆ ಎಂದವರು" ಮಾಡಿದ್ದರು. ಎಣಿಸಿ ನೋಡಿ. ಹುಡುಗನದು ಎಂಟು ಅಕ್ಷರ, ಒಂದೊಂದು ಪೆಟ್ಟಿನ ಮೇಲೆ ಎರಡರಂತೆ ನಾಲ್ಕು ಪೆಟ್ಟಿನಲ್ಲಿ ಸರಿಯಾಗಿ ಕೂರುತ್ತದೆ. ತಿದ್ದಿದ್ದು ಹತ್ತು. ಅದನ್ನು ಬೀಟಿನ ಮೇಲೆ ಹಾಡಲು ಹೋದರೆ ನಾಲಿಗೆ ಎಡವುತ್ತದೆ. ಮೇಷ್ಟ್ರ ಮುಂದೆಯೇ ಟೇಬಲ್ ತಟ್ಟಿ ಎರಡನ್ನೂ ಹೇಳಿಸಿದೆವು. ಅವರೇ ಪೆನ್ನು ತೆಗೆದು ತಮ್ಮ ತಿದ್ದುಪಡಿ ಹೊಡೆದುಹಾಕಿದರು. ಅಂದಿನಿಂದ ಹಾಡಿನ ಪುಟಕ್ಕೆ ಕಾಗುಣಿತ ನೋಡುವುದಷ್ಟೇ, ಭಾಷೆ ಮುಟ್ಟುವುದಿಲ್ಲ. ಕೆಜಿಎಫ್ ಕಡೆಯವರ ಸಾಲಿನಲ್ಲಿ ತಮಿಳು ಬರುತ್ತದೆ, ಮುಳಬಾಗಿಲು, ಶ್ರೀನಿವಾಸಪುರದವರಲ್ಲಿ ತೆಲುಗು. ಅದೂ ಹಾಗೇ ಇರುತ್ತದೆ, ಕನ್ನಡ ಲಿಪಿಯಲ್ಲಿ.

ವಿಷಯಕ್ಕೇನೂ ಬರವಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಉಳಿದ ಸೈನೈಡ್ ದಿಬ್ಬ, ಬೆಳಗಿನ ಜಾವ ಬೆಂಗಳೂರಿಗೆ ರೈಲು ಹತ್ತುವವರು, ಟೊಮೆಟೊ ಮಂಡಿಯ ರಾತ್ರಿ. ತಮಟೆಯ ಬಗ್ಗೆ ಎರಡು ಪುಟ ಇರಲೇಬೇಕೆಂದು ಹಟ ಮಾಡಿದವನು ನಾನು. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೀಟು ಎಲ್ಲಿಂದಲೋ ತರಿಸಬೇಕೆಂದುಕೊಂಡ ಹುಡುಗರಿಗೆ ಇದು ಗೊತ್ತಿರಲಿಲ್ಲ.

ವಿಮರ್ಶೆಗೆ ನಕ್ಷತ್ರ ಕೊಡುವುದು ಬೇಡ ಅಂದೆ. ಕನ್ನಡದಲ್ಲಿ ಸಾಲಿನ ಕೊನೆಯ ಪ್ರಾಸ ಅಗ್ಗ, '-ತ್ತೆ' '-ತ್ತೆ' ಎಂದು ಯಾರು ಬೇಕಾದರೂ ಹೊಂದಿಸಬಹುದು. ಸಾಲಿನ ಒಳಗೆ ಏನು ನಡೆದಿದೆ ಎಂದು ತೋರಿಸುವ ಹತ್ತು ವಾಕ್ಯ ಬರೆದರೆ ಹಾಡುಗಾರನಿಗೂ ಉಪಯೋಗ.

ಮುಖಪುಟಕ್ಕೆ ಒಬ್ಬನದೇ ಮುಖ ಬೇಡವೆಂದಾಗ ಸಣ್ಣ ಜಗಳವಾಯಿತು. 1998ರಲ್ಲಿ 'ಎಕ್ಸ್‌ಎಕ್ಸ್‌ಎಲ್' ಪತ್ರಿಕೆಗಾಗಿ ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ನ್ಯೂಯಾರ್ಕಿನ ಹಾರ್ಲೆಮ್ಮಿನ ಒಂದು ಬೀದಿಯಲ್ಲಿ, ಮನೆಯ ಮೆಟ್ಟಿಲ ಮೇಲೆ, ಹಿಪ್ ಹಾಪಿನವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ತೆಗೆದ ಚಿತ್ರ ತೋರಿಸಿದೆ. 1958ರಲ್ಲಿ ಜಾಝ್ ಸಂಗೀತಗಾರರು ಅದೇ ಜಾಗದಲ್ಲಿ ನಿಂತಿದ್ದರು. ನಮಗೂ ಮೆಟ್ಟಿಲುಗಳಿವೆಯಲ್ಲ, ಊರ ಪಕ್ಕದ ಅಂತರಗಂಗೆ ಬೆಟ್ಟದಲ್ಲಿ. ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಅಲ್ಲಿ ನಿಲ್ಲಿಸಿ ತೆಗೆದೆವು. ಇಬ್ಬರು ಹುಡುಗಿಯರು ಹಿಂದಿನ ಸಾಲಿಗೆ ಹೋಗಿ ನಿಂತಿದ್ದರು, ಕರೆದು ಮುಂದಕ್ಕೆ ತಂದೆ. ಅವರಲ್ಲೊಬ್ಬಳ ಹಾಡು ಸಂಚಿಕೆಯಲ್ಲೇ ಗಟ್ಟಿಯಾದದ್ದು.

ಸೆಂಟರ್ ಪಿನ್ ಹೊಡೆಯುವ ಪತ್ರಿಕೆಯ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ನಮ್ಮದು 32. ಎದುರುಬದುರು ಪುಟಗಳು ಒಂದೇ ಹಾಳೆಯಾಗಿ ಸಿಗುವುದು ನಡುವಿನ ಜೋಡಿಯಲ್ಲಿ ಮಾತ್ರ. ಅಲ್ಲಿ ಪೋಸ್ಟರ್ ಹಾಕುವುದು ರೂಢಿ, ನಾವು ಆ ಹುಡುಗಿಯ ಹಾಡು ಹಾಕಿದೆವು.

ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಪುಟ ಉಳಿಯಿತು. ಜಾಹೀರಾತು ಸಿಗಲಿಲ್ಲ. ಅಲ್ಲಿ ತಿಳಿ ಬೂದು ಬಣ್ಣದಲ್ಲಿ ಹದಿನಾರು ಗೆರೆ ಎಳೆದು ಖಾಲಿ ಬಿಟ್ಟೆ. ಹೊಳಪಿನ ಆರ್ಟ್ ಪೇಪರ್ ಮೇಲೆ ಬಾಲ್ ಪೆನ್ ಜಾರುತ್ತದೆ. ಒಳಪುಟವೆಲ್ಲ 80 ಜಿಎಸ್‌ಎಂ ಮ್ಯಾಪ್‌ಲಿಥೋ ಆಗಿದ್ದರಿಂದ ಚೆನ್ನಾಗಿ ಹಿಡಿಯಿತು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಟ್ಟಿದ್ದ ಪ್ರತಿಗಳನ್ನು ಮುಂದಿನ ತಿಂಗಳು ತರಲು ಹೋದಾಗ ಮೂರರಲ್ಲಿ ಆ ಗೆರೆಗಳು ತುಂಬಿದ್ದವು. ಒಂದರ ಕೆಳಗೆ ಹೆಸರೂ ಇರಲಿಲ್ಲ. ಎರಡನೇ ಸಂಚಿಕೆಯ ಹಾಡಿನ ಪುಟ ಅದರಿಂದಲೇ ಶುರುಮಾಡಿದೆವು, ಹೆಸರಿನ ಜಾಗ ಖಾಲಿ ಬಿಟ್ಟು.