ಬಹುಮತದ ಎಣಿಕೆ ಎಲ್ಲಿ ನಡೆಯಬೇಕು: 356ನೇ ವಿಧಿ ನಡೆದುಬಂದ ದಾರಿ

ರಾಜ್ಯವೊಂದರ ಆಡಳಿತ ಪಕ್ಷದಲ್ಲಿ ಬಿರುಕು ಕಾಣಿಸಿಕೊಂಡಾಗಲೆಲ್ಲ ರಾಜ್ಯಪಾಲರ ವರದಿ, ವಿಶ್ವಾಸಮತ, ರಾಷ್ಟ್ರಪತಿ ಆಳ್ವಿಕೆ, ಬೊಮ್ಮಾಯಿ ತೀರ್ಪು ಎಂಬ ಮಾತುಗಳು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಇವೆಲ್ಲವೂ ಒಂದೇ ಪ್ರಶ್ನೆಯಿಂದ ಹುಟ್ಟಿದವು: ಸರ್ಕಾರಕ್ಕೆ ಬಹುಮತ ಇದೆಯೇ ಇಲ್ಲವೇ ಎಂಬುದನ್ನು ಎಲ್ಲಿ, ಯಾವಾಗ ಪರೀಕ್ಷಿಸಬೇಕು?

ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ಅನುಸಾರವಾಗಿ ನಡೆಸಲಾಗದ ಸ್ಥಿತಿ ಒದಗಿದೆಯೆಂದು ರಾಜ್ಯಪಾಲರ ವರದಿಯಿಂದ ಅಥವಾ ಬೇರೆ ವಿಧದಲ್ಲಿ ಮನವರಿಕೆಯಾದರೆ ರಾಷ್ಟ್ರಪತಿಯವರು ಅದರ ಹೊಣೆಯನ್ನು ತಾವೇ ವಹಿಸಿಕೊಳ್ಳಬಹುದು ಎನ್ನುತ್ತದೆ ಸಂವಿಧಾನದ 356ನೇ ವಿಧಿ. ರಾಷ್ಟ್ರಪತಿಯವರು ನಡೆಯುವುದು ಕೇಂದ್ರ ಸಂಪುಟದ ಸಲಹೆಯಂತೆಯೇ ಆದ್ದರಿಂದ, ಈ ಅಧಿಕಾರ ವಾಸ್ತವವಾಗಿ ಕೇಂದ್ರ ಸರ್ಕಾರದ್ದು. ಇದರ ಬೇರು 1935ರ ಭಾರತ ಸರ್ಕಾರ ಕಾಯ್ದೆಯ 93ನೇ ಸೆಕ್ಷನ್‌ನಲ್ಲಿದೆ. ವಸಾಹತು ಆಡಳಿತದ ಆ ಅಸ್ತ್ರವನ್ನು ಸ್ವತಂತ್ರ ದೇಶದ ಸಂವಿಧಾನದಲ್ಲಿ ಉಳಿಸಿಕೊಳ್ಳುವುದಕ್ಕೆ ಸಂವಿಧಾನ ರಚನಾ ಸಭೆಯಲ್ಲಿ ವಿರೋಧವಿತ್ತು. 1949ರ ಆಗಸ್ಟ್‌ನಲ್ಲಿ ಉತ್ತರಿಸಿದ ಅಂಬೇಡ್ಕರ್, ದುರುಪಯೋಗದ ಸಾಧ್ಯತೆಯನ್ನು ಅಲ್ಲಗಳೆಯಲಿಲ್ಲ. ಈ ವಿಧಿ ಬಳಕೆಗೇ ಬಾರದೆ ಕಾಗದದ ಮೇಲಷ್ಟೇ ಉಳಿಯಲಿ ಎಂದು ಆಶಿಸಿದರು.

ಆ ಆಸೆ ಎರಡು ವರ್ಷವೂ ಬಾಳಲಿಲ್ಲ. 1951ರಲ್ಲಿ ಪಂಜಾಬ್, 1959ರಲ್ಲಿ ವಿಧಾನಸಭೆಯ ಬಹುಮತವಿದ್ದ ಕೇರಳ ಸರ್ಕಾರ, 1977ರಲ್ಲಿ ಒಂದೇ ಏಟಿಗೆ ಒಂಬತ್ತು ರಾಜ್ಯಗಳು, ದೆಹಲಿಯಲ್ಲಿ ಸರ್ಕಾರ ಬದಲಾದ ಮೇಲೆ 1980ರಲ್ಲಿ ಮತ್ತೆ ಒಂಬತ್ತು ರಾಜ್ಯಗಳು ಈ ವಿಧಿಗೆ ಸಿಲುಕಿದವು. ಅಧಿಕಾರದಲ್ಲಿ ಯಾರಿದ್ದರೂ ಕೈಗೆ ಸಿಕ್ಕ ಈ ಅಸ್ತ್ರವನ್ನು ಕೆಳಗಿಡಲಿಲ್ಲ ಎಂಬುದಕ್ಕೆ 1977 ಮತ್ತು 1980 ಎಂಬ ಈ ಎರಡು ವರ್ಷಗಳೇ ಸಾಕ್ಷಿ.

ಕರ್ನಾಟಕದ ಅಧ್ಯಾಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದದ್ದು 1988ರ ಆಗಸ್ಟ್‌ನಲ್ಲಿ. 1989ರ ಏಪ್ರಿಲ್ 15ರಂದು ಅವರು 13 ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಿಸಿದರು. ಎರಡೇ ದಿನಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು ಪಕ್ಷ ತೊರೆದು, ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ 19 ಪತ್ರಗಳೊಂದಿಗೆ ರಾಜಭವನ ತಲುಪಿದರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಮರುದಿನವೇ ಆ 19 ಮಂದಿಯಲ್ಲಿ ಏಳು ಶಾಸಕರು, ತಮ್ಮ ಸಹಿಯನ್ನು ತಪ್ಪು ಮಾಹಿತಿ ನೀಡಿ ಪಡೆಯಲಾಗಿತ್ತು, ತಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ಬರೆದುಕೊಟ್ಟರು. ಏಪ್ರಿಲ್ 27ರ ಅಧಿವೇಶನದಲ್ಲಿ, ಬೇಕೆಂದರೆ ಅದನ್ನು ಇನ್ನೂ ಮುಂಚೆಯೇ ಕರೆದು, ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧ ಎಂದು ಮುಖ್ಯಮಂತ್ರಿ ರಾಜ್ಯಪಾಲರಿಗೆ ತಿಳಿಸಿದರು. ರಾಜಭವನದಿಂದ ಹೋದದ್ದು ಎರಡನೆಯ ವರದಿ; ಏಪ್ರಿಲ್ 21ರಂದು ಸರ್ಕಾರ ವಜಾಗೊಂಡು ವಿಧಾನಸಭೆ ವಿಸರ್ಜನೆಯಾಯಿತು. ಒಂದೇ ದಿನದಲ್ಲಿ ಏಳು ಪತ್ರಗಳ ಅರ್ಥ ತಿರುಗಿಬಿದ್ದಿರುವಾಗ, ಪತ್ರಗಳನ್ನು ಬದಿಗಿಟ್ಟು ಶಾಸಕರನ್ನೇ ಸದನದಲ್ಲಿ ಎಣಿಸುವುದಕ್ಕೆ ಒಂದು ವಾರದ ಸಮಯವೂ ಸಿಗಲಿಲ್ಲ.

ಬೊಮ್ಮಾಯಿ ಹೈಕೋರ್ಟ್ ಮೊರೆ ಹೋದರು. ಸದನದಲ್ಲಿ ಬಲಪರೀಕ್ಷೆ ಕಡ್ಡಾಯವೇನಲ್ಲ ಎಂದ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ವಜಾ ಮಾಡಿತು. ಪ್ರಕರಣ ಇತರ ರಾಜ್ಯಗಳ ಅರ್ಜಿಗಳೊಂದಿಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದು, 1994ರ ಮಾರ್ಚ್ 11ರಂದು ತೀರ್ಪು ಹೊರಬಿತ್ತು. ಸರ್ಕಾರದ ಬಲಾಬಲದ ಪರೀಕ್ಷೆ ನಡೆಯಬೇಕಾದ ಜಾಗ ಸದನವೇ ಹೊರತು ರಾಜ್ಯಪಾಲರ ಖಾಸಗಿ ಅಭಿಪ್ರಾಯವಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಒಳಪಡುತ್ತದೆ. ಸಂಸತ್ತಿನ ಉಭಯ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ವಿನಾ ವಿಸರ್ಜಿಸುವಂತಿಲ್ಲ. ಘೋಷಣೆ ಅಸಿಂಧುವಾದರೆ ವಜಾಗೊಂಡ ಸರ್ಕಾರವನ್ನು ಮರಳಿ ಸ್ಥಾಪಿಸಲೂಬಹುದು. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯಗಳ ಘೋಷಣೆಗಳು ಅಸಾಂವಿಧಾನಿಕ ಎಂದಿತು ಪೀಠ. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂಬ ನೆಲೆಯಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಬಾಬರಿ ಮಸೀದಿ ಧ್ವಂಸದ ಬಳಿಕ ಹೊರಟ 1992ರ ಘೋಷಣೆಗಳನ್ನು ಎತ್ತಿಹಿಡಿಯಿತು.

ಆದರೆ ಗೆದ್ದವರಿಗೆ ಮರಳಿ ಸಿಗುವಂಥದ್ದೇನೂ ಉಳಿದಿರಲಿಲ್ಲ. 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದು ಹೊಸ ವಿಧಾನಸಭೆ ಬಂದಿತ್ತು. ತೀರ್ಪು ಬರುವಾಗ ಅದರ ಅವಧಿಯೂ ಕೊನೆಯ ವರ್ಷಕ್ಕೆ ಕಾಲಿಟ್ಟಿತ್ತು. 2005ರ ಬಿಹಾರದಲ್ಲೂ ಇದೇ ಆಯಿತು: ವಿಧಾನಸಭೆಯ ವಿಸರ್ಜನೆ ತಪ್ಪೆಂದು ನ್ಯಾಯಾಲಯ ಹೇಳಿತಾದರೂ ಹೊಸ ಚುನಾವಣೆಯ ಪ್ರಕ್ರಿಯೆ ಅದಾಗಲೇ ಬಹಳ ಮುಂದೆ ಹೋಗಿತ್ತು. ಈ ವಿಧಿಯಡಿ ಅಧಿಕಾರ ಕಳೆದುಕೊಂಡಿದ್ದ ಸರ್ಕಾರಗಳು ನ್ಯಾಯಾಲಯದ ಮೂಲಕ ಮರಳಿದ್ದನ್ನು ಕಾಣಲು 2016ರ ಉತ್ತರಾಖಂಡ, ಅರುಣಾಚಲ ಪ್ರದೇಶ ಪ್ರಕರಣಗಳವರೆಗೆ ಕಾಯಬೇಕಾಯಿತು.

1994ರ ನಂತರ ರಾಷ್ಟ್ರಪತಿ ಆಳ್ವಿಕೆ ಹೇರುವ ವೇಗ ಕಡಿಮೆಯಾದದ್ದು ನಿಜ, ಅದು ಸಣ್ಣ ಲಾಭವಲ್ಲ. ಎಣಿಕೆಯ ಜಾಗದ ಬಗ್ಗೆ ಈಗ ಯಾರೂ ತಕರಾರು ತೆಗೆಯುವುದಿಲ್ಲ. ಜಗ್ಗಾಟ ಎಣಿಕೆಯ ದಿನಕ್ಕೆ ವರ್ಗವಾಗಿದೆ. 2018ರ ಮೇ ತಿಂಗಳಲ್ಲಿ ಕರ್ನಾಟಕದ ಹೊಸ ಮುಖ್ಯಮಂತ್ರಿಗೆ ಬಹುಮತ ಸಾಬೀತಿಗೆ ರಾಜಭವನ ಕೊಟ್ಟಿದ್ದು 15 ದಿನ. ಪ್ರಮಾಣವಚನದ ಮರುದಿನ ಸುಪ್ರೀಂ ಕೋರ್ಟ್ ಆ ಗಡುವನ್ನು ಅದರ ಮಾರನೆಯ ದಿನದ ಸಂಜೆ ನಾಲ್ಕು ಗಂಟೆಗೆ ಇಳಿಸಿತು, ಮತಕ್ಕೆ ಮೊದಲೇ ರಾಜೀನಾಮೆ ಬಂತು. ಮರುವರ್ಷದ ಜುಲೈ 18ರಂದು ಮಂಡನೆಯಾದ ವಿಶ್ವಾಸಮತ ನಿರ್ಣಯ, ರಾಜ್ಯಪಾಲರ ಗಡುವುಗಳನ್ನೂ ದಾಟಿ 23ರ ಸಂಜೆ ಮತಕ್ಕೆ ಬಿತ್ತು: ಪರ 99, ವಿರುದ್ಧ 105. ಒಂದರಲ್ಲಿ ಕಾಲಾವಕಾಶ ಸಿಕ್ಕಿದ್ದು ರಾಜಭವನದಿಂದ, ಇನ್ನೊಂದರಲ್ಲಿ ಸದನದ ಒಳಗಿನಿಂದಲೇ; ಎರಡೂ ಸಲ ಶಾಸಕರು ಹೋಟೆಲು, ರೆಸಾರ್ಟುಗಳಲ್ಲಿ ದಿನ ಕಳೆದರು.

ವಿಧಾನಸಭೆಯ ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎನ್ನುವ ಸಂವಿಧಾನ, ವಿಶ್ವಾಸಮತವನ್ನು ಎಷ್ಟು ದಿನದೊಳಗೆ ಕೇಳಬೇಕೆಂದು ಹೇಳಿಲ್ಲ. ಸ್ಪಷ್ಟ ಬಹುಮತವಿಲ್ಲದೆ ಅಧಿಕಾರಕ್ಕೆ ಬಂದ ಮುಖ್ಯಮಂತ್ರಿ 30 ದಿನಗಳೊಳಗೆ ಸದನದ ವಿಶ್ವಾಸ ಪಡೆಯಬೇಕೆಂದು ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗ 1988ರ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದು ಸಂವಿಧಾನದ ಪಠ್ಯಕ್ಕೆ ಸೇರಲಿಲ್ಲ, ಮತ್ತು ಪ್ರತಿ ಬಿಕ್ಕಟ್ಟಿನಲ್ಲೂ ಮತದಾನದ ದಿನವನ್ನು ನಿಗದಿಪಡಿಸಿಕೊಡಿ ಎಂಬ ಅರ್ಜಿ ನ್ಯಾಯಾಲಯದ ಬಾಗಿಲಿಗೆ ಹೋಗುತ್ತಲೇ ಇದೆ.